ಕಡಲಾಚೆಯ ಪೊಟ್ಟಣ, ನೆರೆಯ ಅಂಗಡಿ

ಕ್ಲೆಮೆಂಟಿಯಲ್ಲಿ ನೆಲೆಸಿರುವ ನನಗೆ ತವರಿನ ಸೀರೆ ಇಂದು ಅಂತರಜಾಲದ ಮೂಲಕವೇ ಮನೆಬಾಗಿಲಿಗೆ ಬರುತ್ತದೆ. ಮದ್ಯ, ತಂಬಾಕುಗಳನ್ನು ಬಿಟ್ಟರೆ, ವಿಮಾನ ಅಥವಾ ಅಂಚೆಯಲ್ಲಿ ಬರುವ 400 ಸಿಂಗಪುರ ಡಾಲರ್ ಮೀರದ ಸರಕಿಗೆ 2022ರವರೆಗೆ ಸರಕು ಮತ್ತು ಸೇವಾ ತೆರಿಗೆಯಿರಲಿಲ್ಲ. ಬಾಡಿಗೆ ತೆತ್ತು ಬಾಗಿಲು ತೆರೆದಿರುವ ಇಲ್ಲಿನ ನೋಂದಾಯಿತ ವ್ಯಾಪಾರಿಗೆ ಮಾತ್ರ ಅದು ತಪ್ಪುತ್ತಿರಲಿಲ್ಲ. 2023ರ ಜನವರಿ 1ರಿಂದ ಈ ತಾರತಮ್ಯ ಬಹುಮಟ್ಟಿಗೆ ನೀಗಿತು. ನೋಂದಾಯಿತ ವಿದೇಶಿ ಮಾರಾಟಗಾರನೇ ಬೆಲೆಯೊಡನೆ ತೆರಿಗೆ ಪಡೆದು ಸರಕಾರಕ್ಕೆ ಸಲ್ಲಿಸುತ್ತಾನೆ. 2024ರಿಂದ ದರ ಶೇಕಡಾ 9. ವಾರ್ಷಿಕ ಜಾಗತಿಕ ವಹಿವಾಟು 10 ಲಕ್ಷ ಡಾಲರ್, ಸಿಂಗಪುರದ ಗ್ರಾಹಕರಿಗೆ ಮಾರಾಟ 1 ಲಕ್ಷ ಡಾಲರ್, ಈ ಎರಡನ್ನೂ ಮೀರಿದವರಿಗಷ್ಟೇ ನೋಂದಣಿ ಕಡ್ಡಾಯ. ಆದುದರಿಂದ ನೇರವಾಗಿ ಕಳುಹಿಸುವ ಇಳಕಲ್ಲಿನ ಸಣ್ಣ ನೇಕಾರನಿಗೆ ಇದರ ಹೊರೆಯಿಲ್ಲ. ಹೊಸದಾಗಿ ಬಂದಿಳಿದ ಕನ್ನಡಿಗನು ರಾಗಿಹಿಟ್ಟಿಗಾಗಿ ಮೊದಲು ಅರಸುವುದು ನೆರೆಯ ಅಂಗಡಿಯನ್ನೇ. ಅದು ಉಳಿಯಲೆಂದು ಈ ತೆರಿಗೆಯನ್ನು ನಾನು ಬೇಸರವಿಲ್ಲದೆ ತೆರುತ್ತೇನೆ.