ಮೆನು ಕಾಣುತ್ತೆ, ಸಿನಿಮಾ ಒತ್ತಿದರೆ ಕಪ್ಪು ಪರದೆ! ಕೇಬಲ್ ಬದಲಿಸುವ ಮುನ್ನ ಇದನ್ನು ಓದಿ

ವಿಜಯವಾಡ/ವಿಶಾಖಪಟ್ಟಣಂ: ಒಂದೇ ಫೈಬರ್ ತಂತಿಯಲ್ಲಿ ಇಂಟರ್‌ನೆಟ್, ಟಿವಿ, ಫೋನ್ ಮೂರನ್ನೂ ಮನೆಗೆ ತಲುಪಿಸುವ ಯೋಜನೆಗೆ ಆಂಧ್ರಪ್ರದೇಶದಲ್ಲಿ 2017ರ ಡಿಸೆಂಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಚಾಲನೆ ನೀಡಿದ್ದರು. ಆಗ ಎಪಿ ಫೈಬರ್‌ನೆಟ್‌ನ ಆರಂಭಿಕ ದರ ತಿಂಗಳಿಗೆ 149 ರೂಪಾಯಿ ಇತ್ತು. ಅಲ್ಲಿಂದೀಚೆಗೆ ಟಿವಿ ಹಿಂದೆ ಬಾಕ್ಸ್‌ಗಳೂ ತಂತಿಗಳೂ ಹೆಚ್ಚುತ್ತಲೇ ಇವೆ. ಬೆಂಗಳೂರು, ಹುಬ್ಬಳ್ಳಿಯ ಮನೆಗಳ ಕಥೆಯೂ ಬೇರೆಯಲ್ಲ.

ತೊಂದರೆ ಶುರುವಾಗುವುದು ಹೊಸ ಬಾಕ್ಸನ್ನು ಹಳೇ ಹೋಮ್ ಥಿಯೇಟರ್ ಅಥವಾ ಪ್ರೊಜೆಕ್ಟರ್‌ಗೆ ಜೋಡಿಸಿದಾಗ. ಮೆನು ಚೆನ್ನಾಗಿಯೇ ಕಾಣುತ್ತದೆ. ಸಿನಿಮಾ ಒತ್ತಿದ ಕೂಡಲೇ ಪರದೆ ಕಪ್ಪು, ಇಲ್ಲವೇ ಚಿತ್ರ ಬಂದು ಹೋಗುತ್ತದೆ. ಹೆಚ್ಚಿನವರು ಮೊದಲು ಬೈಯುವುದು ಕೇಬಲನ್ನು. ಸಾವಿರಾರು ರೂಪಾಯಿಯ 'ಚಿನ್ನದ ಲೇಪನ'ದ ಕೇಬಲ್ ತಂದರೂ ಅದೇ ಗತಿ!

ಇದಕ್ಕೆ ಕಾರಣ ಎಚ್‌ಡಿಸಿಪಿ ಇರಬಹುದು. ಎಚ್‌ಡಿಎಂಐ ತಂತಿಯಲ್ಲಿ ಹರಿಯುವ ಚಿತ್ರವನ್ನು ಯಾರೂ ನಕಲು ಮಾಡದಂತೆ ಇಂಟೆಲ್ ರೂಪಿಸಿದ ರಕ್ಷಣಾ ವ್ಯವಸ್ಥೆ ಇದು. ಸಿನಿಮಾ ಕಳಿಸುವ ಮುನ್ನ ಬಾಕ್ಸ್ 'ನಿನ್ನ ಬಳಿ ಕೀಲಿ ಇದೆಯಾ?' ಎಂದು ಟಿವಿಯನ್ನು ಕೇಳುತ್ತದೆ. ಸರಿಯಾದ ಉತ್ತರ ಬಂದರಷ್ಟೇ ಚಿತ್ರ. ಮೆನುವಿಗೆ ಸಾಮಾನ್ಯವಾಗಿ ಈ ಕಾವಲಿಲ್ಲ, ಅದಕ್ಕೇ ಅದು ಕಾಣುತ್ತದೆ. ಕೀಲಿ ಇರುವುದು ಉಪಕರಣದ ಚಿಪ್‌ನಲ್ಲಿ, ಕೇಬಲ್‌ನಲ್ಲಲ್ಲ.

4ಕೆ ಬಂದ ಮೇಲೆ ಗೊಂದಲ ಇನ್ನೂ ಹೆಚ್ಚಿತು. 4ಕೆ ಸಿನಿಮಾಗಳು ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಕೇಳುತ್ತವೆ. ಬಾಕ್ಸ್ ಮತ್ತು ಟಿವಿ ಎರಡೂ ಹೊಸದಾಗಿದ್ದು, ನಡುವಿನ ರಿಸೀವರ್ ಮಾತ್ರ ಹಳೇ 1.4 ಆಗಿದ್ದರೆ ಇಡೀ ಸರಪಳಿ ಅದರ ಮಟ್ಟಕ್ಕೇ ಇಳಿಯುತ್ತದೆ. ಅದೃಷ್ಟವಿದ್ದರೆ 1080ಪಿ ಚಿತ್ರ, ಇಲ್ಲದಿದ್ದರೆ ಏನೂ ಇಲ್ಲ. ದುಡ್ಡು ಕೊಟ್ಟು ಕೊಂಡ ಸಿನಿಮಾವನ್ನು ನಮ್ಮದೇ ಟಿವಿಯಲ್ಲಿ ನೋಡಲಾಗದ ಈ ಕಾವಲು ಪ್ರಾಮಾಣಿಕ ಗ್ರಾಹಕನಿಗೇ ಹೆಚ್ಚು ಕಾಟ ಕೊಡುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಅಷ್ಟಕ್ಕೂ ಇದರ ಹಳೇ ಆವೃತ್ತಿಯ ಮೂಲ ಕೀಲಿ 2010ರಲ್ಲೇ ಸೋರಿಕೆಯಾಗಿತ್ತು!

ಹಾಗಾದರೆ ಮಾಡುವುದೇನು? ಮೊದಲು ರಿಸೀವರ್ ಬಿಡಿಸಿ, ಬಾಕ್ಸನ್ನು ನೇರವಾಗಿ ಟಿವಿಗೆ ಜೋಡಿಸಿ ನೋಡಿ. ಚಿತ್ರ ಬಂದರೆ ದೋಷ ಎಲ್ಲಿದೆ ಎಂದು ತಿಳಿದಂತಾಯಿತು. ಹಳೇ ರಿಸೀವರನ್ನು ಎಸೆಯಬೇಕಿಲ್ಲ. ಚಿತ್ರ ನೇರ ಟಿವಿಗೆ ಹೋಗಲಿ, ಧ್ವನಿಯನ್ನಷ್ಟೇ ಟಿವಿಯಿಂದ ಎಆರ್‌ಸಿ ಅಥವಾ ಆಪ್ಟಿಕಲ್ ತಂತಿಯಲ್ಲಿ ರಿಸೀವರ್‌ಗೆ ಕೊಡಿ. ಕೆಲವು ಹಳೇ 4ಕೆ ಟಿವಿಗಳಲ್ಲಿ ಒಂದೆರಡು ಪೋರ್ಟ್‌ಗಳಿಗೆ ಮಾತ್ರ 2.2 ಇರುತ್ತದೆ, ಪೋರ್ಟ್ ಬದಲಿಸಿ ನೋಡಿ. ಎಲ್ಲ ಉಪಕರಣಗಳ ಪ್ಲಗ್ ತೆಗೆದು ಮೊದಲು ಟಿವಿ, ಆಮೇಲೆ ಬಾಕ್ಸ್ ಆನ್ ಮಾಡಿದಾಗಲೂ ಎಷ್ಟೋ ಸಲ ಸರಿಯಾಗುವುದುಂಟು.

ಈ ಕಾವಲನ್ನೇ ಕಿತ್ತುಹಾಕುವ ಅಗ್ಗದ ಸ್ಪ್ಲಿಟರ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಆದರೆ ಎಚ್ಚರ: 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿಸಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿದರೆ 2 ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು.

ಹೊಸ ರಿಸೀವರ್ ಅಥವಾ ಪ್ರೊಜೆಕ್ಟರ್ ಕೊಳ್ಳುವವರು ಪೆಟ್ಟಿಗೆ ಮೇಲೆ '4ಕೆ' ಎಂದಿದ್ದರೆ ಸಾಕು ಎಂದುಕೊಳ್ಳಬೇಡಿ. ಎಚ್‌ಡಿಸಿಪಿ 2.2 ಅಥವಾ 2.3 ಇದೆಯೇ, ಯಾವ ಪೋರ್ಟ್‌ನಲ್ಲಿದೆ ಎಂದು ಅಂಗಡಿಯಲ್ಲೇ ಕೇಳಿ.