ಹಿಮದ ಹಕ್ಕಿಗಳು ಮನೆಗೆ ಹೊರಟಾಗ

ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ಚಳಿಗಾಲದಲ್ಲಿ ನೋಡಿದ ಮಕ್ಕಳಿಗೆ ಪಟ್ಟೆತಲೆ ಹೆಬ್ಬಾತು ಹೊಸದಲ್ಲ. ಮಂಗೋಲಿಯಾ, ಟಿಬೆಟ್ ಕಡೆಯ ಚಳಿ ತಾಳದೆ ಹಿಮಾಲಯ ದಾಟಿ ಬಂದು, ಬಿಸಿಲೇರುತ್ತಲೇ ತಿರುಗಿ ಹೋಗುವ ಅತಿಥಿಗಳು ಅವು. ಶಿರಹಟ್ಟಿ ಕಡೆಯ ಶಾಲೆಯಲ್ಲಿ ಪಾಠ ಮಾಡುವಾಗ ಪ್ರತಿವರ್ಷ ಮಕ್ಕಳನ್ನು ಆ ಕೆರೆಗೆ ಕರೆದೊಯ್ಯುತ್ತಿದ್ದೆ. ಮನುಷ್ಯರೂ ಹಾಗೆಯೇ ಹಿಂಡುಹಿಂಡಾಗಿ ವಲಸೆ ಬರುತ್ತಾರೆಂದು ತಿಳಿದದ್ದು ಮಾತ್ರ ನಿವೃತ್ತಿಯಾದ ಮೇಲೆ, ಅಮೆರಿಕದ ಅರಿಜೋನಾ ರಾಜ್ಯದಲ್ಲಿ.

ಫೀನಿಕ್ಸ್ ನಗರಕ್ಕೆ ಅಂಟಿಕೊಂಡ ಮೇಸಾ ಎಂಬ ಊರಿನಲ್ಲಿ ನಮ್ಮ ಮಗಳ ಮನೆ. ಅಲ್ಲಿಗೆ ನಾನೂ ನಮ್ಮ ಮನೆಯವರೂ ನವೆಂಬರಿನಲ್ಲಿ ಹೋದೆವು. ಅದೇ ಹೊತ್ತಿಗೆ ಕೆನಡಾದಿಂದ, ಅಮೆರಿಕದ ಉತ್ತರದ ರಾಜ್ಯಗಳಿಂದ ಸಾವಿರಾರು ಅಜ್ಜ-ಅಜ್ಜಿಯರು ಬಂದಿಳಿಯುತ್ತಿದ್ದರು. ಅವರಿಗೆ ಅಲ್ಲಿಯ ಜನ ‘ಸ್ನೋಬರ್ಡ್ಸ್’ ಎನ್ನುತ್ತಾರೆ. ಹಿಮದ ಹಕ್ಕಿಗಳು ಎಂದರ್ಥ. ಹಕ್ಕಿಗಳಿಗಿಂತ ಇವರು ಒಂದು ಹೆಜ್ಜೆ ಮುಂದೆ. ಗೂಡನ್ನೂ ಜೊತೆಗೇ ತರುತ್ತಾರೆ!

ಆ ಗೂಡಿನ ಹೆಸರು ಆರ್‌.ವಿ. ಎಂದರೆ ಚಕ್ರದ ಮೇಲಿನ ಮನೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಅದರಲ್ಲೇ. ಕೆಲವು ಬಸ್ಸಿನಂತೆ ತಾವೇ ಓಡುತ್ತವೆ, ಕೆಲವನ್ನು ಪಿಕಪ್ ಲಾರಿಗೆ ಕಟ್ಟಿ ಎಳೆಯಬೇಕು. ನಿಲ್ಲಿಸಿದ ಮೇಲೆ ಬೆಂಕಿಪೊಟ್ಟಣ ಎಳೆದಂತೆ ಪಕ್ಕದ ಗೋಡೆ ಹೊರಗೆ ಬಂದು ಕೋಣೆ ಅಗಲವಾಗುತ್ತದೆ. ಇವನ್ನು ನಿಲ್ಲಿಸಲು ಜಾಗ ಬಾಡಿಗೆಗೆ ಕೊಡುವ ಪಾರ್ಕ್‌ಗಳು ಮೇಸಾದಲ್ಲಿ ಬಹಳ. ಕೆಲವುಗಳಲ್ಲಿ ಸಾವಿರಕ್ಕೂ ಹೆಚ್ಚು ಜಾಗಗಳಿವೆ. ಎಷ್ಟೋ ಪಾರ್ಕ್‌ಗಳು 55 ವರ್ಷ ದಾಟಿದವರಿಗೆ ಮಾತ್ರ. ಮೊಮ್ಮಕ್ಕಳು ಅತಿಥಿಗಳಾಗಿ ಬರಬಹುದು, ಅಷ್ಟೆ.

ಇದು ಇಂದು ನಿನ್ನೆಯ ರೂಢಿಯಲ್ಲ. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಹುಟ್ಟಿತ್ತು. ಕಾರಿನ ಮೂತಿಗೆ ತಗಡಿನ ಡಬ್ಬಿ ಸಿಕ್ಕಿಸಿಕೊಂಡು ಓಡಾಡುವುದು ಆ ಸಂಘದವರ ಗುರುತು. ಈಗ ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. ದೂರದ ಕ್ವಾರ್ಟ್‌ಜೈಟ್ ಎಂಬ ಮರುಭೂಮಿಯ ಊರಿಗೆ ಹೋದರೆ ಬಯಲ ತುಂಬಾ ಆರ್‌.ವಿ.ಗಳು. 2020ರ ಜನಗಣತಿಯಲ್ಲಿ ಆ ಊರಿನ ಜನ ಎರಡೂವರೆ ಸಾವಿರವೂ ಇರಲಿಲ್ಲ. ಚಳಿಗಾಲದಲ್ಲಿ ಲಕ್ಷಗಟ್ಟಲೆ ಜನ ಬಂದುಹೋಗುತ್ತಾರೆ. ಅಲ್ಲಿ ಸರ್ಕಾರಿ ಬಯಲಿನಲ್ಲಿ ದೀರ್ಘಕಾಲ ತಂಗುವವರ ಹಂಗಾಮು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ.

ಟ್ರೇಲರ್ ಅಜ್ಜ, ಟ್ರೇಲರ್ ಅಜ್ಜಿ

ಮಗಳ ಮನೆಯ ಹಿಂದೆ ಒಂದು ಕಾಲುವೆ. ಹೊಹೊಕಮ್ ಎಂಬ ಮೂಲನಿವಾಸಿಗಳು ಸಾವಿರ ವರ್ಷಕ್ಕೂ ಹಿಂದೆ ಮರುಭೂಮಿಯಲ್ಲಿ ಕಾಲುವೆ ತೋಡಿ ಬೇಸಾಯ ಮಾಡಿದ ನಾಡು ಅದು. ಆ ಕಾಲುವೆಯ ದಂಡೆಯ ಮೇಲೆ ಬೆಳಗಿನ ನಡಿಗೆಗೆ ಹೋದಾಗ ನಮಗೆ ಸಿಕ್ಕವರು ಕೆನಡಾದ ಸಸ್ಕಾಚೆವಾನ್ ಪ್ರಾಂತದ ದಂಪತಿ. ಅವರು ಗೋಧಿ ಬೆಳೆದು ನಿವೃತ್ತರಾದ ರೈತರು. ಅಜ್ಜನಿಗೆ 81. ಅವರ ಊರಿನಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದೂ ಉಂಟು. ಹದಿನೇಳು ವರ್ಷಗಳಿಂದ ಚಳಿಗಾಲವೆಲ್ಲ ಅವರು ಮೇಸಾದ ಅದೇ ಪಾರ್ಕಿನ ಅದೇ ಜಾಗದಲ್ಲಿ.

ನಮ್ಮ ಮೊಮ್ಮಗ ಅವರಿಗೆ ಟ್ರೇಲರ್ ಅಜ್ಜ, ಟ್ರೇಲರ್ ಅಜ್ಜಿ ಎಂದು ಹೆಸರಿಟ್ಟ. ಅಜ್ಜ ಅವನಿಗೆ ಶಫಲ್‌ಬೋರ್ಡ್ ಕಲಿಸಿದರು. ಉದ್ದನೆಯ ಕೋಲಿನಿಂದ ಬಿಲ್ಲೆಗಳನ್ನು ನೆಲದ ಮೇಲೆ ತಳ್ಳುವ ಆಟ. ನಿಂತುಕೊಂಡು ಆಡುವ ಕೇರಂ ಅನ್ನಿ. ಬದಲಿಗೆ ನಾನು ರಟ್ಟಿನ ಮೇಲೆ ಮನೆ ಬರೆದು, ಕವಡೆ ಸಿಗದೆ ಪಿಸ್ತಾ ಸಿಪ್ಪೆ ಹಿಡಿದು ಚೌಕಾಬಾರ ಕಲಿಸಿದೆ. ಅಜ್ಜಿ ಒಂದೇ ವಾರದಲ್ಲಿ ನನ್ನ ಕಾಯಿ ಹೊಡೆಯತೊಡಗಿದರು. ಪಾರ್ಕಿನ ಮರಗಳ ಕಿತ್ತಳೆ, ಚಕ್ಕೋತದ ತಂಗಿಯಂಥ ಗ್ರೇಪ್‌ಫ್ರೂಟ್ ನಮ್ಮ ಮನೆಗೆ ಚೀಲದಲ್ಲಿ ಬರುತ್ತಿದ್ದವು.

ಗೂಡು ಕಟ್ಟುವುದಕ್ಕಿಂತ ಬಿಚ್ಚುವುದೇ ದೊಡ್ಡದು

ಮಾರ್ಚ್ ಮುಗಿಯುತ್ತಲೇ ಪಾರ್ಕಿನಲ್ಲಿ ಹೊರಡುವ ಗಡಿಬಿಡಿ. ಕೆನಡಾದವರು ಒಮ್ಮೆ ಬಂದರೆ ಅಮೆರಿಕದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಅದಕ್ಕಿಂತ ಹೆಚ್ಚಾಗಿ ಅವರನ್ನು ಓಡಿಸುವುದು ಬಿಸಿಲು. ಫೀನಿಕ್ಸ್‌ನಲ್ಲಿ 1990ರ ಜೂನ್ 26ರಂದು 50 ಡಿಗ್ರಿ ಮುಟ್ಟಿತ್ತು. 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು.

ಹೊರಡುವ ಕೆಲಸಕ್ಕೆ ಒಂದು ಕ್ರಮ ಇದೆ. ಆರ್‌.ವಿ.ಯಲ್ಲಿ ಮೂರು ಬಗೆಯ ತೊಟ್ಟಿಗಳು: ಬಳಸುವ ಶುದ್ಧ ನೀರಿಗೆ ಒಂದು, ಪಾತ್ರೆ ತೊಳೆದ ಮತ್ತು ಮಿಂದ ನೀರಿಗೆ ಒಂದು, ಕಕ್ಕಸಿಗೆ ಒಂದು. ಕಕ್ಕಸಿನ ತೊಟ್ಟಿಯನ್ನೇ ಮೊದಲು ಖಾಲಿ ಮಾಡಬೇಕು. ಆಮೇಲೆ ಬಿಡುವ ಸಾಬೂನಿನ ನೀರು ಕೊಳವೆಯನ್ನೂ ತೊಳೆದುಕೊಂಡು ಹೋಗುತ್ತದೆ. ಟೈರು ಸವೆಯದಿದ್ದರೂ ಬಿಸಿಲಿಗೆ ರಬ್ಬರ್ ಮುದಿಯಾಗಿರುತ್ತದೆ, ಅದರ ವಯಸ್ಸನ್ನು ನೋಡಬೇಕು. ದಾರಿಯಲ್ಲಿ ಇನ್ನೂ ಹಿಮ ಬೀಳುವಂತಿದ್ದರೆ ಕೊಳವೆಯ ನೀರನ್ನೆಲ್ಲ ಹೊರಹಾಕಬೇಕು, ಇಲ್ಲವಾದರೆ ಅದು ಗಡ್ಡೆಗಟ್ಟಿ ಕೊಳವೆ ಒಡೆಯುತ್ತದೆ. ಆಮೇಲೆ ಪ್ರಯಾಣ. ದಿನಕ್ಕೆ 300 ಮೈಲಿಗಿಂತ, ಅಂದರೆ ಸುಮಾರು 480 ಕಿ.ಮೀ.ಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ ಮೂರಕ್ಕೆ ನಿಲ್ಲಿಸಬೇಕು ಎಂಬ ನಿಯಮ ಹಿರಿಯ ಚಾಲಕರಲ್ಲಿ ಪ್ರಸಿದ್ಧ.

ಕೆಲವರು ಟ್ರೇಲರ್ ಇಲ್ಲೇ ಬಿಟ್ಟು ಹೋಗುತ್ತಾರೆ. ಕಿಟಕಿಗೆ ಬೆಳ್ಳಿಬಣ್ಣದ ಹಾಳೆ ಅಂಟಿಸಿ, ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟು, ನಡುಮನೆಯಲ್ಲಿ ಬಕೆಟ್ ತುಂಬ ನೀರು ಇಡುತ್ತಾರೆ.

“ಅಜ್ಜಿ, ಯಾರೂ ಇಲ್ಲದ ಮನ್ಯಾಗ ನೀರು ಯಾರಿಗ?” ಎಂದ ಮೊಮ್ಮಗ.

“ಮರದ ಕಪಾಟಿಗಪ್ಪ,” ಎಂದೆ. ನನಗೂ ಟ್ರೇಲರ್ ಅಜ್ಜಿಯೇ ಹೇಳಿದ್ದು. ಆ ಒಣ ಬೇಸಿಗೆಯಲ್ಲಿ ಮರ ಸೀಳುತ್ತದಂತೆ. ಬಕೆಟ್ಟಿನ ನೀರು ನಿಧಾನವಾಗಿ ಆರುತ್ತಾ ಒಳಗೆ ಒಂದಿಷ್ಟು ತೇವ ಉಳಿಸುತ್ತದೆ.

ಫಲಕದ ಮೇಲಿನ ಚೀಟಿ

ಪಾರ್ಕಿನ ಸಭಾಂಗಣದಲ್ಲಿ ಒಂದು ಸೂಚನಾ ಫಲಕ. ಏಪ್ರಿಲ್ ಹತ್ತಿರವಾದಂತೆ ಅದರಲ್ಲಿ ‘ಮಾರಾಟಕ್ಕಿದೆ’ ಚೀಟಿಗಳು ಹೆಚ್ಚುತ್ತವೆ. ಒಂದು ದಿನ ಅಲ್ಲಿ ಟ್ರೇಲರ್ ಅಜ್ಜನ ಕೈಬರಹದ ಚೀಟಿಯೂ ಇತ್ತು.

ಅವರ ಮಕ್ಕಳು ಬೇಡವೆಂದಿರಲಿಲ್ಲ. ಅಜ್ಜನೇ ತೀರ್ಮಾನಿಸಿದ್ದರು. ಸಂಜೆಯಾದರೆ ರಸ್ತೆಯ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಪರದೇಶದಲ್ಲಿ ಕಾಯಿಲೆ ಬಿದ್ದರೆ ಬೇಕಾಗುವ ಆರೋಗ್ಯ ವಿಮೆ ವಯಸ್ಸಿನ ಜೊತೆ ದುಬಾರಿಯಾಗುತ್ತ ಹೋಗಿತ್ತು. “ಟ್ರೇಲರ್ ಎಳೆಯುವವನು ತನ್ನೊಬ್ಬನ ಜೀವ ಹೊತ್ತು ಓಡಿಸುವುದಿಲ್ಲ, ಎದುರು ಬರುವವರದ್ದೂ ಇರುತ್ತದೆ,” ಎಂದರು ನಮ್ಮ ಮನೆಯವರಿಗೆ.

ಅಜ್ಜಿಗೆ ಇನ್ನೊಂದು ವರ್ಷ ಬರುವ ಆಸೆಯಿತ್ತು. ಪಕ್ಕದ ಜಾಗದ ಮಿನೆಸೋಟದ ಗೆಳತಿ ಅವರಿಗೆ ಒಡಹುಟ್ಟಿದವಳ ಹಾಗೆ. “ನವೆಂಬರಿನಲ್ಲಿ ಬಂದು ಇಳಿದ ಕೂಡಲೇ ನಾವು ನೋಡುವುದು ಏನು ಗೊತ್ತೇ? ಈ ಸಲ ಯಾರ ಜಾಗ ಖಾಲಿ ಇದೆ ಎಂದು,” ಎಂದು ನನಗೆ ಹೇಳಿದರು. “ಬರುವ ವರ್ಷ ಅವರು ನಮ್ಮದನ್ನು ನೋಡುತ್ತಾರೆ.”

ರಸ್ತೆಯನ್ನೇ ಮನೆ ಮಾಡಿಕೊಂಡವರಿಗೆ ಬೇರೆ ದಾರಿಯೂ ಇದೆ. 1978ರಲ್ಲಿ ಶುರುವಾದ ‘ಎಸ್ಕೇಪೀಸ್’ ಎಂಬ ಆರ್‌.ವಿ. ಸಂಘ ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಒಂದು ಆರೈಕೆ ಕೇಂದ್ರ ನಡೆಸುತ್ತದೆ. ಓಡಿಸಲು ಆಗದವರು ಅಲ್ಲಿ ತಮ್ಮ ಆರ್‌.ವಿ.ಯಲ್ಲೇ ಇರುತ್ತಾರೆ, ಊಟ, ವೈದ್ಯರ ಬಳಿ ಕರೆದೊಯ್ಯುವ ವ್ಯವಸ್ಥೆ ಸಿಗುತ್ತದೆ. ನಮ್ಮ ಅಜ್ಜ-ಅಜ್ಜಿಗೆ ಮಾತ್ರ ಊರಿನಲ್ಲಿ ಮನೆಯಿತ್ತು, ಮೊಮ್ಮಕ್ಕಳಿದ್ದರು.

ಕೊನೆಯ ವಾರ ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಂಡೆವು. ಫ್ರಿಜ್ ಖಾಲಿಯಾಗಬೇಕಲ್ಲ! ನನ್ನದು ಚಿತ್ರಾನ್ನ. ಊಟದ ನಂತರ ಒಂದು ಹಾಳೆ ಕೈಯಿಂದ ಕೈಗೆ ಹೋಯಿತು. ಹೆಸರು, ಊರಿನ ಫೋನ್ ನಂಬರ್, ಮತ್ತೆ ಬರುವ ತಿಂಗಳು. ಅಜ್ಜ ಮೊದಲೆರಡನ್ನು ದಪ್ಪ ಅಕ್ಷರದಲ್ಲಿ ಬರೆದು, ಮೂರನೆಯದರಲ್ಲಿ ಒಂದು ಅಡ್ಡಗೆರೆ ಎಳೆದರು. ಮಿನೆಸೋಟದ ಗೆಳತಿ ಆ ಹಾಳೆಯನ್ನು ಓದಿ, ಅಜ್ಜಿಯ ಕೈಹಿಡಿದು ಬಹಳ ಹೊತ್ತು ಕೂತರು.

ಟ್ರೇಲರ್ ಕೊಂಡವರು ಹೊಸದಾಗಿ ನಿವೃತ್ತರಾದ ಗಂಡ-ಹೆಂಡತಿ. ಅಜ್ಜ ಎರಡು ಮಧ್ಯಾಹ್ನ ಕೂತು ಅವರಿಗೆ ಎಲ್ಲ ತೋರಿಸಿದರು: ಯಾವ ನಲ್ಲಿ ಬಿಗಿ, ಯಾವ ಮೆಟ್ಟಿಲು ಅಲುಗುತ್ತದೆ. ಪ್ರತಿ ಪ್ರಯಾಣದ ಮೈಲಿ, ರಿಪೇರಿ, ಟೈರು ಬದಲಿಸಿದ ದಿನ ಬರೆದಿಟ್ಟ ಹದಿನೇಳು ವರ್ಷದ ನೋಟುಬುಕ್ಕನ್ನೂ ಕೊಟ್ಟರು. ಶಫಲ್‌ಬೋರ್ಡ್ ಕೋಲು ಮೊಮ್ಮಗನಿಗೆ ಬಂತು. ಉಳಿದದ್ದರಲ್ಲಿ ಪಿಕಪ್ಪಿನಲ್ಲಿ ಹಿಡಿಸುವಷ್ಟನ್ನೇ ಆರಿಸಿಕೊಂಡರು. ಊರಿನಿಂದ ಬಂದಿದ್ದ ಮಗ ಗಾಡಿ ಓಡಿಸಿದ. ಅಜ್ಜ ಪಕ್ಕದಲ್ಲಿ ಕೂತು ನಕ್ಷೆ ಹಿಡಿದುಕೊಂಡರು. ಮುಂದೆ ಸುಮಾರು ಎರಡೂವರೆ ಸಾವಿರ ಕಿ.ಮೀ. ದಾರಿ.

ಅದೇ ತಿಂಗಳು ನಾವೂ ಊರಿಗೆ ಮರಳಿದೆವು. ಮೊನ್ನೆ ಮಗಳ ಫೋನಿಗೆ ಟ್ರೇಲರ್ ಅಜ್ಜಿಯ ಚಿತ್ರ ಬಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ನಮ್ಮ ರಟ್ಟಿನ ಚೌಕಾಬಾರ, ಸುತ್ತ ಮೂವರು ಮೊಮ್ಮಕ್ಕಳು. ಕೆಳಗೆ ಒಂದು ಪ್ರಶ್ನೆ: “ಕಟ್ಟೆಯ ಮೇಲಿರುವ ಕಾಯಿಯನ್ನು ಹೊಡೆಯಬಹುದೇ? ಇಲ್ಲಿ ಜಗಳವಾಗುತ್ತಿದೆ.”

ಹೊಡೆಯುವ ಹಾಗಿಲ್ಲ ಎಂದು ಮೊಮ್ಮಗ ಕೂಡಲೇ ಉತ್ತರ ಬರೆದಿದ್ದಾನೆ.