ನಿರ್ವಾಣ ತಂಡದ ಕೊನೆಯ ಆಲ್ಬಂ

‘ಇನ್ ಯೂಟೆರೊ’ ಅಮೆರಿಕದ ರಾಕ್ ತಂಡ ನಿರ್ವಾಣದ ಮೂರನೆಯ ಮತ್ತು ಕೊನೆಯ ಸ್ಟುಡಿಯೊ ಆಲ್ಬಂ. ಬಿಡುಗಡೆಯಾದದ್ದು 1993ರ ಸೆಪ್ಟೆಂಬರ್‌ನಲ್ಲಿ. ಹಿಂದಿನ ಆಲ್ಬಂ ‘ನೆವರ್‌ಮೈಂಡ್’ 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್‌ನ ‘ಡೇಂಜರಸ್’ ಅನ್ನು ಹಿಂದಿಕ್ಕಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಆದರೆ ಗಾಯಕ ಕರ್ಟ್ ಕೊಬೇನ್‌ಗೆ ಅದರ ಧ್ವನಿ ತೀರಾ ನಯವಾಯಿತೆಂಬ ಅಸಮಾಧಾನವಿತ್ತು.

ಹಾಗಾಗಿ ಹೊಸ ಆಲ್ಬಮ್ಮಿಗೆ ತಂಡ ಧ್ವನಿಮುದ್ರಣ ಎಂಜಿನಿಯರ್ ಸ್ಟೀವ್ ಆಲ್ಬಿನಿಯನ್ನು ಕರೆಯಿತು. ತನ್ನನ್ನು ನಿರ್ಮಾಪಕ ಎಂದು ಕರೆದರೆ ಆತನಿಗೆ ಹಿಡಿಸುತ್ತಿರಲಿಲ್ಲ. ತಂಡ ನುಡಿಸಿದ್ದನ್ನು ಇದ್ದಂತೆ ಹಿಡಿದಿಡುವುದಷ್ಟೇ ತನ್ನ ಕೆಲಸ ಎನ್ನುತ್ತಿದ್ದ. ಮಾರಾಟದಲ್ಲಿ ಪಾಲು ಬೇಡ, ಮಾಡಿದ ಕೆಲಸಕ್ಕೆ ಒಮ್ಮೆ ಕೂಲಿ ಕೊಟ್ಟರೆ ಸಾಕು ಎಂದು ತಂಡಕ್ಕೆ ಪತ್ರ ಬರೆದ. ಲಕ್ಷಾಂತರ ಪ್ರತಿ ಖರ್ಚಾಗುವುದು ಖಚಿತವಿದ್ದ ಆಲ್ಬಮ್ಮಿನ ವಿಷಯದಲ್ಲಿ ಇದು ಅಪರೂಪದ ನಿಷ್ಠೆ. 1993ರ ಫೆಬ್ರವರಿಯಲ್ಲಿ ಮಿನ್ನೆಸೋಟ ರಾಜ್ಯದ ಕ್ಯಾನನ್ ಫಾಲ್ಸ್ ಊರಿನ ಪ್ಯಾಕಿಡರ್ಮ್ ಸ್ಟುಡಿಯೊದಲ್ಲಿ, ಹೆಚ್ಚುಕಡಿಮೆ ಎರಡೇ ವಾರದಲ್ಲಿ, ಧ್ವನಿಮುದ್ರಣ ಮುಗಿಯಿತು. ಡ್ರಮ್ಮರ್ ಡೇವ್ ಗ್ರೋಲ್‌ನ ಡ್ರಮ್ಸ್ ಸುತ್ತ ಹತ್ತಾರು ಮೈಕ್‌ಗಳನ್ನಿಟ್ಟು, ಪೆಟ್ಟಿನ ಜೊತೆಗೆ ಕೋಣೆಯ ಪ್ರತಿಧ್ವನಿಯನ್ನೂ ಹಿಡಿಯಲಾಯಿತು. ಕೇಳುವವರಿಗೆ ಡ್ರಮ್ಸ್ ಎದುರೇ ನಿಂತಂತೆ ಅನಿಸುವುದು ಅದರಿಂದಲೇ. ‘ಡಂಬ್’ ಹಾಡಿನಲ್ಲಿ ಗಿಟಾರ್ ತಗ್ಗಿ, ಚೆಲ್ಲೊ ವಾದ್ಯ ಮೆಲ್ಲಗೆ ಜೊತೆಗೂಡುತ್ತದೆ.

ರೆಕಾರ್ಡ್ ಕಂಪನಿ ಡಿಜಿಸಿಯವರಿಗೆ ಈ ಒರಟುತನ ರುಚಿಸಲಿಲ್ಲ. ಸಂಗತಿ ಪತ್ರಿಕೆಗಳಿಗೂ ಹೋಗಿ ವಿವಾದವಾಯಿತು. ಗಾಯನ ಮತ್ತು ಬಾಸ್ ಗಿಟಾರ್ ಸರಿಯಾಗಿ ಕೇಳಿಸುತ್ತಿಲ್ಲ ಎಂಬ ಅನುಮಾನ ತಂಡದವರಿಗೂ ಇತ್ತು. ಕೊನೆಗೆ ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಹಾಡುಗಳನ್ನು ನಿರ್ಮಾಪಕ ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದ. ಆಲ್ಬಿನಿಯ ಮೂಲ ಮಿಕ್ಸ್ 2013ರ ಮರುಬಿಡುಗಡೆಯಲ್ಲಿ ಸಿಗುತ್ತದೆ. ಎರಡನ್ನೂ ಹೋಲಿಸಿ ಕೇಳುವುದು ಸೊಗಸು.

ಆಲ್ಬಂ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ವಿಮರ್ಶಕರಲ್ಲಿ ಬಹುತೇಕರು ಮೆಚ್ಚಿದರು. ವಾಲ್‌ಮಾರ್ಟ್, ಕೆಮಾರ್ಟ್ ಮಳಿಗೆಗಳು ಮಾರಲು ಒಪ್ಪದ್ದರಿಂದ, ಹಿಂಬದಿಯ ಚಿತ್ರ ಮತ್ತು ಒಂದು ಹಾಡಿನ ಶೀರ್ಷಿಕೆಯನ್ನು ಬದಲಿಸಿದ ಆವೃತ್ತಿ 1994ರಲ್ಲಿ ಹೊರಬಂತು.

ಅದೇ ವರ್ಷದ ಏಪ್ರಿಲ್‌ನಲ್ಲಿ, 27ನೇ ವಯಸ್ಸಿಗೆ, ಕೊಬೇನ್ ಆತ್ಮಹತ್ಯೆ ಮಾಡಿಕೊಂಡ. ಅಲ್ಲಿಂದ ಮುಂದೆ ಈ ಆಲ್ಬಮ್ಮನ್ನು ಅವನ ವಿದಾಯವೆಂದೇ ಕೇಳುವ ರೂಢಿ ಬೆಳೆಯಿತು. ದುಃಖದಲ್ಲಿ ಹಾಗನಿಸುವುದು ಸಹಜ. ಆದರೆ ಕಾಲಕ್ರಮ ಅದಕ್ಕೆ ಒಪ್ಪುವುದಿಲ್ಲ. ವಿದಾಯದ ಹಾಡೆಂದೇ ಹೆಸರಾದ ‘ಆಲ್ ಅಪಾಲಜೀಸ್’ನ ಮೊದಲ ಸ್ಟುಡಿಯೊ ಧ್ವನಿಮುದ್ರಣ ನಡೆದದ್ದು 1991ರ ಜನವರಿಯಲ್ಲಿ, ‘ನೆವರ್‌ಮೈಂಡ್’ ಬರುವುದಕ್ಕೂ ಮುಂಚೆ. ‘ಡಂಬ್’, ‘ಪೆನಿರಾಯಲ್ ಟೀ’ ಹಾಡುಗಳೂ ಅಷ್ಟೇ ಹಳೆಯವು. ‘ಇನ್ ಯೂಟೆರೊ’ ಸಾವಿನ ಮುನ್ಸೂಚನೆಯಲ್ಲ. ತನಗೆ ಬೇಕಾದ ಧ್ವನಿಗಾಗಿ ಪಟ್ಟುಹಿಡಿದ ತಂಡವೊಂದರ ಅತ್ಯುತ್ತಮ ಕೆಲಸ.